ನಾಲ್ಕು ವರ್ಷದ ಕಾಂಟ್ರಾಕ್ಟ್, ಎರಡೇ ವರ್ಷಕ್ಕೆ ಹೊರಗೆ: ಎನ್‌ಎಫ್‌ಎಲ್‌ನಲ್ಲಿ ಇದು ಹೇಗೆ ನಡೆಯುತ್ತದೆ?

ಓದುಗರ ಪ್ರಶ್ನೆ: ನಾನಿರೋದು ಸಾಂಟಾ ಕ್ಲಾರಾದಲ್ಲಿ. ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಇಲ್ಲಿನ ತಂಡ ಫಾರ್ಟಿನೈನರ್ಸ್, ಹಾಗಾಗಿ ನಾನೂ ಅಮೆರಿಕನ್ ಫುಟ್‌ಬಾಲ್ ನೋಡಲು ಶುರು ಮಾಡಿದೆ. ಒಂದು ವಿಷಯ ಮಾತ್ರ ತಲೆಗೆ ಹೋಗುತ್ತಿಲ್ಲ. 2023ರಲ್ಲಿ ಜೇವಾನ್ ಹಾರ್ಗ್ರೇವ್‌ಗೆ ನಾಲ್ಕು ವರ್ಷಕ್ಕೆ 8.4 ಕೋಟಿ ಡಾಲರ್ ಅಂತ ಸಹಿ ಹಾಕಿಸಿಕೊಂಡರು. 2025ರ ಮಾರ್ಚ್‌ನಲ್ಲಿ ಬಿಟ್ಟೇಬಿಟ್ಟರು. ಇನ್ನೂ ಎರಡು ವರ್ಷ ಬಾಕಿ ಇತ್ತಲ್ವಾ? ಸಹಿಗೆ ಬೆಲೆ ಇಲ್ವಾ?

ಉತ್ತರ: ಈ ಪ್ರಶ್ನೆ ಪ್ರತಿ ಮಾರ್ಚ್‌ನಲ್ಲೂ ಬರುತ್ತದೆ. ಬರಲೇಬೇಕು, ಯಾಕಂದ್ರೆ ಪತ್ರಿಕೆಗಳಲ್ಲಿ ದಪ್ಪಕ್ಷರದಲ್ಲಿ ಬರುವ ಮೊತ್ತಕ್ಕೂ ಆಟಗಾರನ ಕೈಗೆ ಖಂಡಿತ ಸೇರುವ ದುಡ್ಡಿಗೂ ಬಹಳ ಅಂತರ ಇದೆ. ಎನ್‌ಎಫ್‌ಎಲ್, ಅಂದರೆ ಅಮೆರಿಕನ್ ಫುಟ್‌ಬಾಲ್ ಲೀಗ್‌ನ ಕಾಂಟ್ರಾಕ್ಟ್ ಆಟಗಾರನನ್ನು ಕಟ್ಟಿಹಾಕಿದಷ್ಟು ತಂಡವನ್ನು ಕಟ್ಟಿಹಾಕುವುದಿಲ್ಲ. ಆಟಗಾರ ಮಧ್ಯದಲ್ಲಿ ಎದ್ದು ಬೇರೆ ತಂಡಕ್ಕೆ ಹೋಗುವ ಹಾಗಿಲ್ಲ. ತಂಡ ಮಾತ್ರ ಅವನನ್ನು ಬಿಡಬಹುದು. ಬಿಟ್ಟ ಮೇಲೂ ಕೊಡಲೇಬೇಕಾದದ್ದು ಗ್ಯಾರಂಟಿ ಎಂದು ಬರೆದ ಭಾಗವನ್ನು ಮಾತ್ರ.

ಹಾರ್ಗ್ರೇವ್ ಅವರ 8.4 ಕೋಟಿಯಲ್ಲಿ ಗ್ಯಾರಂಟಿ ಇದ್ದದ್ದು ಸುಮಾರು 4 ಕೋಟಿ. ಅಂದರೆ ಎರಡೂ ಕಡೆಯ ಲೆಕ್ಕಿಗರ ಕಣ್ಣಿಗೆ ಇದು ಮೊದಲ ದಿನದಿಂದಲೂ ಎರಡು ವರ್ಷದ ಒಪ್ಪಂದವೇ. ಮುಂದಿನ ಎರಡು ವರ್ಷ "ಚೆನ್ನಾಗಿ ಆಡಿದರೆ ನೋಡೋಣ" ಅನ್ನುವಂಥದ್ದು. 2024ರ ಸೆಪ್ಟೆಂಬರ್‌ನಲ್ಲಿ ಅವರ ತೋಳಿನ ಟ್ರೈಸೆಪ್ಸ್ ಹರಿದು ಆ ಸೀಸನ್ ಅಲ್ಲಿಗೇ ಮುಗಿಯಿತು. ಮಾರ್ಚ್ ಬಂದಾಗ ತಂಡ ಆ ಕೊನೆಯ ಎರಡು ವರ್ಷವನ್ನು ಕೈಬಿಟ್ಟಿತು.

ಮಾರ್ಚ್ ಯಾಕೆ ಅಂದರೆ, ಲೀಗ್‌ನ ಹೊಸ ವರ್ಷ ಶುರುವಾಗುವುದೇ ಆ ತಿಂಗಳ ಮಧ್ಯದಲ್ಲಿ. ಮೂಲ ಸಂಬಳವನ್ನು ಸೀಸನ್ ಶುರುವಾದ ಮೇಲೆ ವಾರವಾರ ಹಂಚಿ ಕೊಡುತ್ತಾರೆ. ಮಾರ್ಚ್‌ನಲ್ಲಿ ಆ ವರ್ಷದ ಒಂದು ಡಾಲರ್ ಕೂಡ ಪಾವತಿಯಾಗಿರುವುದಿಲ್ಲ. ಜೊತೆಗೆ ಹಲವು ಕಾಂಟ್ರಾಕ್ಟ್‌ಗಳಲ್ಲಿ "ಹೊಸ ವರ್ಷದ ಇಂತಿಷ್ಟನೇ ದಿನ ನೀನು ತಂಡದಲ್ಲಿದ್ದರೆ ಇಷ್ಟು ದುಡ್ಡು ಖಾತ್ರಿ" ಎಂಬ ಸಾಲು ಇರುತ್ತದೆ. ಆ ದಿನದೊಳಗೆ ತಂಡ ಇಟ್ಟುಕೊಳ್ಳಬೇಕೋ ಬಿಡಬೇಕೋ ತೀರ್ಮಾನಿಸಲೇಬೇಕು.

ಈಗ ದುಡ್ಡಿನ ಮಿತಿಗೆ ಬರೋಣ. ಐಪಿಎಲ್ ಹರಾಜಿನ ಪರ್ಸ್ ನಿಮಗೆ ಗೊತ್ತೇ ಇದೆ. 2025ರ ಸೀಸನ್‌ಗಾಗಿ ನಡೆದ ಮೆಗಾ ಹರಾಜಿಗೆ ಪ್ರತಿ ತಂಡಕ್ಕೂ 120 ಕೋಟಿ ರೂಪಾಯಿ ಇತ್ತಲ್ವಾ? ಇಲ್ಲಿ ಅದೇ ಕೆಲಸ ಮಾಡುವುದು ಸ್ಯಾಲರಿ ಕ್ಯಾಪ್. 1994ರಲ್ಲಿ ಶುರುವಾದಾಗ ತಂಡಕ್ಕೆ 3.46 ಕೋಟಿ ಡಾಲರ್ ಇತ್ತು. 2025ರಲ್ಲಿ 27.92 ಕೋಟಿ. 32 ತಂಡಗಳಿಗೂ ಒಂದೇ ಮಿತಿ. ಮಾಲೀಕ ಎಷ್ಟೇ ಸಿರಿವಂತನಾದರೂ ಅವನ ಸ್ವಂತ ಗಂಟು ಇಲ್ಲಿ ನಡೆಯುವುದಿಲ್ಲ. ಆದರೆ ಐಪಿಎಲ್‌ನ ಹಾಗೆ ಕೆಲವು ವರ್ಷಕ್ಕೊಮ್ಮೆ ಎಲ್ಲವನ್ನೂ ಖಾಲಿ ಮಾಡಿ ಹೊಸದಾಗಿ ಶುರು ಮಾಡುವ ಅವಕಾಶ ಇಲ್ಲ. ಹಳೆಯ ವರ್ಷದ ತೀರ್ಮಾನಗಳು ಲೆಕ್ಕದಲ್ಲಿ ಹಿಂಬಾಲಿಸುತ್ತಲೇ ಇರುತ್ತವೆ.

ಹೇಗೆ ಅಂದರೆ, ಸಹಿ ಹಾಕಿದಾಗ ಕೊಡುವ ಸೈನಿಂಗ್ ಬೋನಸ್ ಆಟಗಾರನ ಕೈಗೆ ಬೇಗನೆ ಸೇರುತ್ತದೆ. ಕ್ಯಾಪ್ ಲೆಕ್ಕದಲ್ಲಿ ಮಾತ್ರ ಅದನ್ನು ಕಾಂಟ್ರಾಕ್ಟಿನ ವರ್ಷಗಳ ಮೇಲೆ ಸಮನಾಗಿ ಹಂಚಬಹುದು, ಹೆಚ್ಚೆಂದರೆ ಐದು ವರ್ಷ. 2.5 ಕೋಟಿ ಬೋನಸ್ ಇದ್ದರೆ ವರ್ಷಕ್ಕೆ 50 ಲಕ್ಷದಂತೆ ಐದು ವರ್ಷ. ಎರಡು ವರ್ಷ ಆಡಿಸಿ ಬಿಟ್ಟರೆ ಉಳಿದ 1.5 ಕೋಟಿ ಎಲ್ಲಿ ಹೋಗಬೇಕು? ಒಟ್ಟಿಗೆ ಆ ವರ್ಷದ ಲೆಕ್ಕಕ್ಕೇ ಬಂದು ಬೀಳುತ್ತದೆ. ಆಡದವನ ಹೆಸರಲ್ಲಿ ಕೂತ ಈ ಮೊತ್ತವನ್ನೇ ಡೆಡ್ ಮನಿ ಅನ್ನುವುದು. ತಂಡವೊಂದು ವರ್ಷಕ್ಕೆ ಇಬ್ಬರನ್ನು ಮಾತ್ರ "ಜೂನ್ 1ರ ನಂತರದ ಬಿಡುಗಡೆ" ಎಂದು ಗುರುತಿಸಿ ಮೊದಲೇ ಬಿಡಬಹುದು. ಆಗ 50 ಲಕ್ಷ ಈ ವರ್ಷಕ್ಕೆ, 1 ಕೋಟಿ ಮುಂದಿನ ವರ್ಷಕ್ಕೆ. ಹೊರೆ ಕಡಿಮೆಯಾಗುವುದಿಲ್ಲ, ಎರಡು ಪಾಲಾಗುತ್ತದೆ ಅಷ್ಟೇ.

ಇದರ ದೊಡ್ಡ ಉದಾಹರಣೆ ಡೆನ್ವರ್ ಬ್ರಾಂಕೋಸ್ ತಂಡದ್ದು. 2022ರಲ್ಲಿ ಸಿಯಾಟಲ್‌ನಿಂದ ರಸೆಲ್ ವಿಲ್ಸನ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು ತಂದರು. ಚೆಂಡು ಎಸೆದು ಇಡೀ ಆಟ ನಡೆಸುವವನು ಕ್ವಾರ್ಟರ್‌ಬ್ಯಾಕ್, ಮೈದಾನದಲ್ಲಿ ಅವನದೇ ಹೆಚ್ಚಿನ ತೂಕ. ವಿಲ್ಸನ್ ಡೆನ್ವರ್‌ಗೆ ಒಂದು ಪಂದ್ಯ ಆಡುವ ಮೊದಲೇ ಐದು ವರ್ಷಕ್ಕೆ 24.26 ಕೋಟಿ ಡಾಲರ್‌ನ ಹೊಸ ಕಾಂಟ್ರಾಕ್ಟ್ ಬರೆದುಕೊಟ್ಟರು. ಎರಡು ಸೀಸನ್ ಆದ ಮೇಲೆ, 2024ರ ಮಾರ್ಚ್‌ನಲ್ಲಿ ಬಿಟ್ಟರು. ಬಿಡದೇ ಇದ್ದಿದ್ದರೆ ಕೆಲವೇ ದಿನಗಳಲ್ಲಿ 2025ರ 3.7 ಕೋಟಿಯೂ ಪೂರ್ತಿ ಖಾತ್ರಿಯಾಗುತ್ತಿತ್ತು. ಬಿಟ್ಟಿದ್ದಕ್ಕೆ ತೆತ್ತ ಬೆಲೆ 8.5 ಕೋಟಿ ಡಾಲರ್ ಡೆಡ್ ಮನಿ: 2024ರ ಲೆಕ್ಕದಲ್ಲಿ 5.3, 2025ರ ಲೆಕ್ಕದಲ್ಲಿ 3.2. 2024ರಲ್ಲಿ ಪಿಟ್ಸ್‌ಬರ್ಗ್ ತಂಡ ವಿಲ್ಸನ್ ಅವರನ್ನು ಕನಿಷ್ಠ ಸಂಬಳಕ್ಕೆ, 12.1 ಲಕ್ಷ ಡಾಲರ್‌ಗೆ ಆಡಿಸಿತು. ಅವರಿಗೆ ಖಾತ್ರಿಯಾಗಿದ್ದ 3.9 ಕೋಟಿಯಲ್ಲಿ ಉಳಿದದ್ದನ್ನು ಕೊಟ್ಟದ್ದು ಡೆನ್ವರ್. ನೋಡಿ, ಸಹಿಗೆ ಬೆಲೆ ಇದೆ. ಆ ಬೆಲೆ ಗ್ಯಾರಂಟಿ ಇರುವ ಕಡೆ ಮಾತ್ರ ಇದೆ.

ಈಗ ನಿಮ್ಮ ಫಾರ್ಟಿನೈನರ್ಸ್ ವಿಷಯ. 2025ರ ಮಾರ್ಚ್‌ನಲ್ಲಿ ಹೊರಟವರೆಲ್ಲ ಒಂದೇ ಬಾಗಿಲಿಂದ ಹೋದವರಲ್ಲ. ಡ್ರೆ ಗ್ರೀನ್‌ಲಾ, ಟಲನೋವಾ ಹುಫಾಂಗಾ, ಚಾರ್ವೇರಿಯಸ್ ವಾರ್ಡ್, ಏರನ್ ಬ್ಯಾಂಕ್ಸ್ ಇವರ ಕಾಂಟ್ರಾಕ್ಟ್ ಅವಧಿ ಮುಗಿದಿತ್ತು. ಬೇರೆಯವರು ಜಾಸ್ತಿ ಕೊಟ್ಟರು, ಹೋದರು. ಹಾರ್ಗ್ರೇವ್, ಲೆನರ್ಡ್ ಫ್ಲಾಯ್ಡ್, ಮಲೀಕ್ ಕಾಲಿನ್ಸ್ ಇವರನ್ನು ತಂಡವೇ ಬಿಟ್ಟಿತು. ಡೀಬೊ ಸ್ಯಾಮ್ಯುಯೆಲ್ ಅವರನ್ನು ವಾಷಿಂಗ್ಟನ್‌ಗೆ ಕೊಟ್ಟು ಬದಲಿಗೆ ಪಡೆದದ್ದು ಡ್ರಾಫ್ಟ್‌ನ, ಅಂದರೆ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆಯ, ಐದನೇ ಸುತ್ತಿನ ಒಂದು ಆಯ್ಕೆ. ಡೀಬೊ ವಾಷಿಂಗ್ಟನ್ ಜೆರ್ಸಿಯಲ್ಲಿ ಓಡುತ್ತಿದ್ದರೆ ಇತ್ತ ಸಾಂಟಾ ಕ್ಲಾರಾದ ಲೆಕ್ಕದಲ್ಲಿ ಅವರ ಹೆಸರಿನ ಮುಂದೆ 3 ಕೋಟಿ ಡಾಲರ್‌ಗೂ ಮೀರಿದ ಡೆಡ್ ಮನಿ ಕೂತಿತ್ತು. ಇನ್ನು ಕೈಲ್ ಯೂಸ್‌ಚೆಕ್ ಅವರದು ಬೇರೆಯೇ ಕಥೆ. ಅವರನ್ನು ಬಿಟ್ಟು, ಕೆಲವೇ ದಿನಗಳಲ್ಲಿ ಎರಡು ವರ್ಷದ ಹೊಸ ಕಾಂಟ್ರಾಕ್ಟ್‌ಗೆ ವಾಪಸ್ ಕರೆದುಕೊಂಡರು.

ಇಷ್ಟೂ ಒಟ್ಟಿಗೆ ಯಾಕಾಯಿತು? ಉತ್ತರ ಒಂದು ಹೆಸರಲ್ಲಿದೆ: ತಂಡದ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ.

2022ರ ಡ್ರಾಫ್ಟ್‌ನಲ್ಲಿ 262ನೆಯವರಾಗಿ, ಎಲ್ಲರಿಗಿಂತ ಕೊನೆಯಲ್ಲಿ ಆಯ್ಕೆಯಾದ ಹುಡುಗ. ಡ್ರಾಫ್ಟ್‌ನಲ್ಲಿ ಬಂದವರ ಮೊದಲ ಕಾಂಟ್ರಾಕ್ಟ್ ನಾಲ್ಕು ವರ್ಷದ್ದು, ಮೂರು ಸೀಸನ್ ಮುಗಿಯುವವರೆಗೆ ಅದನ್ನು ಬದಲಾಯಿಸುವಂತೆಯೇ ಇಲ್ಲ. ಪರ್ಡಿ 2023ರ ಸೀಸನ್‌ನಲ್ಲಿ ತಂಡವನ್ನು ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ವರೆಗೆ ಕರೆದೊಯ್ದರು. ಆಗಲೂ, ಅದರ ಮುಂದಿನ ವರ್ಷವೂ ಅವರ ಮೂಲ ಸಂಬಳ 10 ಲಕ್ಷ ಡಾಲರ್ ಮುಟ್ಟಿರಲಿಲ್ಲ. ಅದೇ ಜಾಗದಲ್ಲಿ ಬೇರೆ ತಂಡಗಳು 4-5 ಕೋಟಿ ಸುರಿಯುತ್ತಿದ್ದವು. ಆ ಉಳಿತಾಯದಲ್ಲೇ ಹಾರ್ಗ್ರೇವ್‌ರಂಥವರು ಬಂದದ್ದು. ಎರಡನೇ ಸಾಲಿನಲ್ಲೂ ಗಟ್ಟಿ ಆಟಗಾರರು ನಿಂತದ್ದು. 2025ರ ಮೇನಲ್ಲಿ ಪರ್ಡಿ ಐದು ವರ್ಷಕ್ಕೆ 26.5 ಕೋಟಿ ಡಾಲರ್‌ನ ಕಾಂಟ್ರಾಕ್ಟ್‌ಗೆ ಸಹಿ ಹಾಕಿದರು. ಅದು ಬರಲಿದೆ ಎಂದು ಮಾರ್ಚ್‌ನಲ್ಲೇ ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಆ ಖಾಲಿ ಮಾಡುವಿಕೆ.

ನನಗೆ ಪರ್ಡಿ ಅವರ ಸಂಬಳದ ಬಗ್ಗೆ ಯಾವ ತಕರಾರೂ ಇಲ್ಲ. ಅಷ್ಟು ವರ್ಷ ಅಷ್ಟು ಕಡಿಮೆಗೆ ಆಡಿದವರಿಗೆ ಅದು ಸಲ್ಲಲೇಬೇಕು. ಆದರೆ ಅಭಿಮಾನಿಗಳು ಇಂಥ ಕಾಂಟ್ರಾಕ್ಟ್ ಬಂದಾಗ "ಇವನು ಅಷ್ಟು ಬಾಳ್ತಾನಾ?" ಅಂತ ಮಾತ್ರ ವಾದ ಮಾಡುತ್ತಾರೆ. ಕೇಳಬೇಕಾದದ್ದು ಬೇರೆ. ಈ ದುಡ್ಡು ಯಾರ ಜಾಗದಿಂದ ಬಂತು? ಬಹುಪಾಲು ಸಲ ಅದು ಬರುವುದು ಎರಡನೇ ಸಾಲಿನಿಂದ. ನೀವು ಹೆಸರೂ ಕೇಳಿರದ, ಮೊದಲ ಆಟಗಾರ ಬಿದ್ದಾಗ ಓಡಿಬರುವವರ ಸಾಲಿನಿಂದ.

ಆ ಸಾಲು ಎಷ್ಟು ಮುಖ್ಯ ಅನ್ನೋದನ್ನು ಇದೇ ತಂಡ 2022ರಲ್ಲಿ ಅನುಭವಿಸಿದೆ. ಮೊದಲ ಕ್ವಾರ್ಟರ್‌ಬ್ಯಾಕ್ ಟ್ರೇ ಲ್ಯಾನ್ಸ್. ಎರಡನೇ ಪಂದ್ಯದಲ್ಲೇ ಪಾದದ ಕೀಲು ಮುರಿಯಿತು. ಅದೃಷ್ಟಕ್ಕೆ ಹಳೆಯ ಕ್ವಾರ್ಟರ್‌ಬ್ಯಾಕ್ ಜಿಮ್ಮಿ ಗರಾಪೊಲೊ ಸಂಬಳ ಬಹಳ ಇಳಿಸಿಕೊಂಡು, 65 ಲಕ್ಷ ಡಾಲರ್ ಗ್ಯಾರಂಟಿಗೆ, ಬದಲಿ ಆಟಗಾರನಾಗಿ ಉಳಿದಿದ್ದರು. ಡಿಸೆಂಬರ್‌ನಲ್ಲಿ ಅವರ ಪಾದಕ್ಕೂ ಪೆಟ್ಟಾಯಿತು. ಮೂರನೆಯವರು ಪರ್ಡಿ. ಈಗ ಪರ್ಡಿಗೆ ಬದಲಿ ಬೇಕಲ್ಲ? ಡೆನ್ವರ್‌ನ ಪ್ರಾಕ್ಟೀಸ್ ಸ್ಕ್ವಾಡ್‌ನಿಂದ, ಅಂದರೆ ಮುಖ್ಯ ತಂಡದ ಹೊರಗಿದ್ದು ಜೊತೆಗೆ ಅಭ್ಯಾಸ ಮಾಡುವವರ ಗುಂಪಿನಿಂದ, ಜಾಶ್ ಜಾನ್ಸನ್ ಅವರನ್ನು ತಂದರು. ಹತ್ತಕ್ಕೂ ಹೆಚ್ಚು ತಂಡ ಸುತ್ತಿದ್ದ ಅನುಭವಿ.

2023ರ ಜನವರಿ 29, ಫಿಲಡೆಲ್ಫಿಯಾ. ಗೆದ್ದರೆ ಸೂಪರ್ ಬೌಲ್. ಮೊದಲ ಸರದಿಯಲ್ಲೇ ಎಸೆಯುವಾಗ ಪರ್ಡಿ ಅವರ ಬಲಗೈಗೆ ಏಟು ಬಿತ್ತು, ಮೊಣಕೈಯ ಲಿಗಮೆಂಟ್ ಹರಿಯಿತು. ಜಾನ್ಸನ್ ಬಂದರು. ಮೂರನೇ ಕ್ವಾರ್ಟರ್‌ನಲ್ಲಿ ಅವರ ತಲೆಗೆ ಪೆಟ್ಟಾಗಿ ಹೊರನಡೆದರು. ಬೇರೆ ಯಾರೂ ಇಲ್ಲ. ಪರ್ಡಿ ಮತ್ತೆ ಮೈದಾನಕ್ಕೆ ಇಳಿದರು, ಆದರೆ ದೂರಕ್ಕೆ ಎಸೆಯಲು ಆಗುತ್ತಿರಲಿಲ್ಲ. ಪಕ್ಕದವನ ಕೈಗೆ ಚೆಂಡು ಕೊಡುವುದೇ ಕೆಲಸ. ಎದುರಾಳಿಗೂ ಅದು ಗೊತ್ತು. 31-7ರಿಂದ ಸೋತರು. ಮುಂದಿನ ಸೀಸನ್‌ನಿಂದ ಲೀಗ್ ನಿಯಮವನ್ನೇ ಬದಲಿಸಿ, ತುರ್ತಿಗೆಂದು ಮೂರನೇ ಕ್ವಾರ್ಟರ್‌ಬ್ಯಾಕ್‌ನನ್ನು ಸಜ್ಜಾಗಿಡಲು ಅವಕಾಶ ಕೊಟ್ಟಿತು.

ಹೀಗಾಗಿಯೇ ಬೇಸಿಗೆಯಲ್ಲಿ ತಂಡಗಳು 90 ಜನರನ್ನು ಇಟ್ಟುಕೊಳ್ಳುವುದು. ಅಷ್ಟು ಜನರ ಸಂಬಳ ಕ್ಯಾಪ್‌ನಲ್ಲಿ ಹೇಗೆ ಹಿಡಿಸುತ್ತದೆ ಅಂತ ಕೇಳಬಹುದು. ಆಫ್‌ಸೀಸನ್‌ನಲ್ಲಿ ಹೆಚ್ಚು ಮೊತ್ತದ 51 ಜನರನ್ನು ಮಾತ್ರ ಪೂರ್ತಿ ಲೆಕ್ಕಕ್ಕೆ ಹಿಡಿಯುತ್ತಾರೆ. ಆಗಸ್ಟ್ ಕೊನೆಯಲ್ಲಿ 90 ಇದ್ದದ್ದು 53ಕ್ಕೆ ಇಳಿಯಬೇಕು. ಒಂದು ತಂಡದಿಂದ 37 ಜನ, 32 ತಂಡ ಸೇರಿ ಸಾವಿರದ ನೂರಕ್ಕೂ ಹೆಚ್ಚು ಜನರ ಕೆಲಸ ಆ ಒಂದು ಗಡುವಿನೊಳಗೆ ಹೋಗುತ್ತದೆ. ಇಡೀ ಕ್ಯಾಲೆಂಡರ್‌ನಲ್ಲಿ ನನ್ನ ಮನಸ್ಸು ಭಾರವಾಗುವುದು ಆ ದಿನ. ಅವರಲ್ಲಿ ಹೆಚ್ಚಿನವರ ಕಾಂಟ್ರಾಕ್ಟ್‌ನಲ್ಲಿ ಗ್ಯಾರಂಟಿ ಅನ್ನುವುದು ಹೆಸರಿಗಷ್ಟೇ ಇರುತ್ತದೆ. ಕಾಗದದ ಮೇಲೆ ಮೂರು ವರ್ಷ ಅಂತ ಇದ್ದರೂ ನಾಲ್ಕು ತಿಂಗಳಿಗೆ ಮುಗಿಯಿತು.

ಕೆಲವರಿಗೆ ಮರುದಿನವೇ ಪ್ರಾಕ್ಟೀಸ್ ಸ್ಕ್ವಾಡ್‌ನಲ್ಲಿ ಜಾಗ ಸಿಗುತ್ತದೆ. ತಂಡಕ್ಕೆ 16 ಜನ, ಹೊರದೇಶದ ಒಬ್ಬನಿದ್ದರೆ 17. 2025ರಲ್ಲಿ ಹೊಸಬರಿಗೆ ಅಲ್ಲಿ ವಾರಕ್ಕೆ 13,000 ಡಾಲರ್. 53ರ ಒಳಗಿರುವ ಹೊಸಬನ ಕನಿಷ್ಠ ಸಂಬಳ ಸೀಸನ್‌ಗೆ 8.4 ಲಕ್ಷ. ಇಬ್ಬರೂ ಬೆಳಗ್ಗೆ ಒಂದೇ ಮೈದಾನದಲ್ಲಿ ಬೆವರು ಹರಿಸುತ್ತಾರೆ. ಜಾನ್ಸನ್ ಅವರಿಗಾದ ಹಾಗೆ ಬೇರೆ ತಂಡ ತನ್ನ 53ಕ್ಕೆ ಕರೆದರೆ ಇಲ್ಲಿಂದ ಎದ್ದು ಹೋಗಬಹುದು, ಅದೊಂದು ಸ್ವಾತಂತ್ರ್ಯ ಇದೆ.

ಗಾಯಾಳುಗಳ ಲೆಕ್ಕ ಇನ್ನೊಂದು. ಇಂಜುರ್ಡ್ ರಿಸರ್ವ್ ಎಂಬ ಗಾಯಾಳುಗಳ ಪಟ್ಟಿಗೆ ಹಾಕಿದರೆ 53ರಲ್ಲಿ ಒಂದು ಜಾಗ ಖಾಲಿಯಾಗುತ್ತದೆ, ಆದರೆ ಅವನ ಮೊತ್ತ ಕ್ಯಾಪ್‌ನಲ್ಲಿ ಹಾಗೇ ಇರುತ್ತದೆ. ಬದಲಿ ಆಟಗಾರನನ್ನು ತರಬೇಕಾದದ್ದು ಉಳಿದ ಚಿಲ್ಲರೆಯಲ್ಲಿ. 2025ರಲ್ಲಿ ಫಾರ್ಟಿನೈನರ್ಸ್‌ಗೆ ಇದು ಬಹಳ ಚೆನ್ನಾಗಿ ತಟ್ಟಿತು. ನಿಕ್ ಬೋಸಾ ಮೂರನೇ ವಾರ ಮಂಡಿ ಗಾಯದಿಂದ ಹೊರಗೆ. ಫ್ರೆಡ್ ವಾರ್ನರ್ ಆರನೇ ವಾರ ಕಾಲಿನ ಕೀಲು ಮುರಿದು ಹೊರಗೆ. ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ತಂದ ಮೈಕೆಲ್ ವಿಲಿಯಮ್ಸ್ ಕೂಡ ನವೆಂಬರ್‌ನಲ್ಲಿ ಮಂಡಿಗೆ ಪೆಟ್ಟು ಮಾಡಿಕೊಂಡರು. ಹಾರ್ಗ್ರೇವ್, ಫ್ಲಾಯ್ಡ್, ಗ್ರೀನ್‌ಲಾ ಬಿಟ್ಟುಹೋದದ್ದೂ ಇದೇ ಡಿಫೆನ್ಸ್‌ನಿಂದ, ಅಂದರೆ ಎದುರಾಳಿಯನ್ನು ತಡೆಯುವವರ ಗುಂಪಿನಿಂದಲೇ ತಾನೆ?

ಆದರೂ ಆ ತಂಡ 12 ಪಂದ್ಯ ಗೆದ್ದು 5 ಸೋತಿತು. ಅದಕ್ಕೆ ದೊಡ್ಡ ಕಾರಣ ಆ ಮಾರ್ಚ್‌ನಲ್ಲೇ ಯಾರೂ ಹೆಚ್ಚು ಗಮನಿಸದ ಒಂದು ಸಹಿ. ಮ್ಯಾಕ್ ಜೋನ್ಸ್, ಎರಡು ವರ್ಷಕ್ಕೆ, ಬದಲಿ ಕ್ವಾರ್ಟರ್‌ಬ್ಯಾಕ್ ಆಗಿ. ಪರ್ಡಿ ಮೊದಲ ವಾರವೇ ಕಾಲ್ಬೆರಳಿಗೆ ಪೆಟ್ಟು ಮಾಡಿಕೊಂಡಾಗ ಜೋನ್ಸ್ ಒಟ್ಟು ಎಂಟು ಪಂದ್ಯ ನಡೆಸಿ ಐದು ಗೆದ್ದುಕೊಟ್ಟರು. 2023ರ ಆ ಜನವರಿಯ ಪಾಠ ಕಲಿತ ತಂಡದ ಖರ್ಚು ಇದು. ಪ್ಲೇಆಫ್‌ನಲ್ಲಿ ಫಿಲಡೆಲ್ಫಿಯಾವನ್ನು ಸೋಲಿಸಿದರು. ಮುಂದಿನ ಪಂದ್ಯದಲ್ಲಿ ಸಿಯಾಟಲ್ ಎದುರು 41-6ರಿಂದ ಸೋತರು. ಅಷ್ಟೊತ್ತಿಗೆ ಡಿಫೆನ್ಸ್‌ನಲ್ಲಿ ಎರಡನೇ ಸಾಲೂ ಸವೆದುಹೋಗಿತ್ತು. ಒಂದೇ ಬೇಸಿಗೆಯಲ್ಲಿ ಅಷ್ಟು ಜನರನ್ನು ಕಳಿಸಿದ್ದು ಲೆಕ್ಕದಲ್ಲಿ ಸರಿ ಇರಬಹುದು, ಆಟದಲ್ಲಿ ಅತಿಯಾಯಿತು ಅನ್ನೋದು ನನ್ನ ಅಭಿಪ್ರಾಯ.

ಹಾಗಾಗಿ ಮುಂದಿನ ಸಲ ದೊಡ್ಡ ಕಾಂಟ್ರಾಕ್ಟ್ ಸುದ್ದಿ ಬಂದಾಗ ಒಟ್ಟು ಮೊತ್ತ ಬಿಡಿ, ಗ್ಯಾರಂಟಿ ಎಷ್ಟು, ಅದು ಯಾವ ವರ್ಷಕ್ಕೆ ಮುಗಿಯುತ್ತದೆ ಅಂತ ಹುಡುಕಿ. ಪರ್ಡಿ ಅವರ 26.5 ಕೋಟಿಯಲ್ಲಿ ಗ್ಯಾರಂಟಿ ಅಂತ ವರದಿಯಾದದ್ದು ಸುಮಾರು 18.1 ಕೋಟಿ. ಹಾರ್ಗ್ರೇವ್ ಮಿನೆಸೋಟಾಗೆ ಹೋಗಿ ಎರಡು ವರ್ಷಕ್ಕೆ 3 ಕೋಟಿ ಡಾಲರ್‌ನ ಕಾಂಟ್ರಾಕ್ಟ್‌ಗೆ ಸಹಿ ಹಾಕಿದರು. ಅಲ್ಲೂ ಇದೇ ನಿಯಮ.

ಇನ್ನು ಗ್ರೀನ್‌ಲಾ, ಹುಫಾಂಗಾ ಇಬ್ಬರನ್ನೂ ಕೊಂಡುಕೊಂಡದ್ದು ಯಾರು ಗೊತ್ತಾ? ಡೆನ್ವರ್. ವಿಲ್ಸನ್ ಅವರ 3.2 ಕೋಟಿ ಡೆಡ್ ಮನಿ ಹೊತ್ತುಕೊಂಡೇ ಕೊಂಡರು. ಅದು ಸಾಧ್ಯವಾದದ್ದು ಅವರ ಕ್ವಾರ್ಟರ್‌ಬ್ಯಾಕ್ ಬೋ ನಿಕ್ಸ್ 2024ರ ಡ್ರಾಫ್ಟ್‌ನಲ್ಲಿ ಬಂದವರಾದ್ದರಿಂದ, ಇನ್ನೂ ಮೊದಲ ಕಾಂಟ್ರಾಕ್ಟ್‌ನ ಅಗ್ಗದ ಸಂಬಳದಲ್ಲಿರುವುದರಿಂದ. 2025ರಲ್ಲಿ ಆ ತಂಡ 14 ಪಂದ್ಯ ಗೆದ್ದಿತು. ನಿಕ್ಸ್ ಅವರ ಮೂರನೇ ಸೀಸನ್ ಮುಗಿಯುವುದು 2027ರ ಆರಂಭದಲ್ಲಿ. ಹೊಸ ಕಾಂಟ್ರಾಕ್ಟ್ ಮಾತುಕತೆಗೆ ಬಾಗಿಲು ತೆರೆಯುವುದು ಆಗ. ಆ ಮಾರ್ಚ್‌ನಲ್ಲಿ ಡೆನ್ವರ್ ಯಾರನ್ನು ಬಿಡುತ್ತದೆ ಅಂತ ಈಗಲೇ ಹುಡುಕಲು ಶುರು ಮಾಡಬಹುದು.