ಮಂಡಿ ಲೆಕ್ಕಕ್ಕೆ ಯಾವ ಡೇಟಾಬೇಸ್?

ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಬರುವ ಹುಡುಗರು ಯಾವ ಆ್ಯಪ್ ಮಾಡಲು ಹೇಳಿದರೂ ಮೊದಲು ಮಾಂಗೋಡಿಬಿ ಎಂಬ ಡಾಕ್ಯುಮೆಂಟ್ ಡೇಟಾಬೇಸ್ ಹಾಕಿಕೊಂಡು ಕೂರುತ್ತಾರೆ. "ಸರ್, ಟೇಬಲ್ ಕಟ್ಟೋ ರಗಳೆ ಇಲ್ಲ, ಹೆಂಗ್ ಬೇಕೋ ಹಂಗೆ ತುಂಬಬಹುದು" ಅಂತಾರೆ. ತುಂಬುವಾಗ ರಗಳೆ ಇಲ್ಲ, ನಿಜ. ಅದು ಶುರುವಾಗುವುದು ತೆಗೆಯುವಾಗ.

ಎಪಿಎಂಸಿಯ ದಲಾಲಿ ಮಂಡಿಯೊಂದರ ಲೆಕ್ಕ ನೋಡಿ. ರೈತರೊಬ್ಬರ ಮೆಕ್ಕೆಜೋಳದ ಲಾಟ್ ಮಾರಾಟವಾಯಿತು. ಖರೀದಿದಾರರ ಹೆಸರಿಗೆ ಬಾಕಿ ಏರಬೇಕು, ರೈತರ ಖಾತೆಗೆ ಜಮಾ ಆಗಬೇಕು, ಬಿತ್ತನೆಗೆಂದು ಕೊಟ್ಟಿದ್ದ ಮುಂಗಡ ಅದರಲ್ಲಿ ಮುರಿಯಬೇಕು, ಹಮಾಲಿ ಬೇರೆ ಬರೆಯಬೇಕು. ಎರಡು ಬರೆದು ಮೂರನೆಯದಕ್ಕೆ ಕರೆಂಟ್ ಹೋದರೆ ಯಾರ ಲೆಕ್ಕ ಸರಿ? ಬರೆದರೆ ನಾಲ್ಕೂ, ಇಲ್ಲವಾದರೆ ಒಂದೂ ಇಲ್ಲ ಎಂಬ ಖಾತರಿಗೇ ಟ್ರಾನ್ಸಾಕ್ಷನ್ ಅನ್ನುವುದು. ಡೇಟಾವನ್ನು ಟೇಬಲ್ ಕಟ್ಟಿ ಇಡುವ ಪೋಸ್ಟ್‌ಗ್ರೆಸ್‌ನಂಥ ರಿಲೇಷನಲ್ ಡೇಟಾಬೇಸ್‌ಗೆ ಇದು ದಿನನಿತ್ಯದ ಕೆಲಸ. ಮಾಂಗೋಡಿಬಿಯಲ್ಲಿ ಒಂದೇ ಡಾಕ್ಯುಮೆಂಟ್, ಅಂದರೆ ಒಂದೇ ದಾಖಲೆಯ ಒಳಗಿನ ಬದಲಾವಣೆಗೆ ಈ ಖಾತರಿ ಮೊದಲಿನಿಂದ ಇತ್ತು. ಹಲವು ಡಾಕ್ಯುಮೆಂಟ್‌ಗಳಿಗೆ ಒಟ್ಟಿಗೆ ಸಿಕ್ಕಿದ್ದು 2018ರ 4.0 ಆವೃತ್ತಿಯಲ್ಲಿ, ಅದಕ್ಕೂ ರೆಪ್ಲಿಕಾ ಸೆಟ್ (ಒಂದೇ ಡೇಟಾದ ಪ್ರತಿ ಇಟ್ಟುಕೊಳ್ಳುವ ಸರ್ವರುಗಳ ಗುಂಪು) ಕಟ್ಟಿಕೊಂಡಿರಬೇಕು. ಅಂಗಡಿ ಮೂಲೆಯ ಒಂಟಿ ಸರ್ವರಿನಲ್ಲಿ ಹಾಗೇ ಇನ್‌ಸ್ಟಾಲ್ ಮಾಡಿಕೊಂಡವರಿಗೆ ಅದು ಸಿಗದು.

ಇನ್ನು ಮಾಲೀಕರ ಪ್ರಶ್ನೆಗಳು. ಜಗಳೂರು ಕಡೆಯ ಯಾವ ರೈತರು ಮುಂಗಡ ತಗೊಂಡೂ ಮಾಲು ತಂದಿಲ್ಲ? ಈ ಖರೀದಿದಾರರ ಬಾಕಿ ಎಷ್ಟು ದಿನದ್ದು? ಆ್ಯಪ್ ಮಾಡುವಾಗ ಇವನ್ನು ಯಾರೂ ಹೇಳಿರುವುದಿಲ್ಲ. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ರಿಲೇಷನಲ್ ಮಾದರಿಯನ್ನು ಮುಂದಿಟ್ಟದ್ದೇ ಇದಕ್ಕೆ: ಡೇಟಾ ಒಳಗೆ ಹೇಗೆ ಕೂತಿದೆ ಎಂಬುದು ಕೇಳುವವರಿಗೆ ಗೊತ್ತಿರಬೇಕಿಲ್ಲ. ಡಾಕ್ಯುಮೆಂಟ್ ಡೇಟಾಬೇಸಿನಲ್ಲಿ ಬರುವ ಪ್ರಶ್ನೆಯನ್ನು ಮೊದಲೇ ಊಹಿಸಿ ಜೋಡಿಸಿಡಬೇಕು. ಊಹೆ ತಪ್ಪಿದರೆ ಉತ್ತರ ಬರುವುದೇ ಇಲ್ಲ ಅಂತಲ್ಲ, ಏದುಸಿರು ಬಿಡುತ್ತಾ ಬರುತ್ತದೆ.

ರೈತರ ಫೋನ್ ನಂಬರನ್ನು ಮಾರಾಟದ ಪ್ರತಿ ಪಟ್ಟಿಯೊಳಗೂ (ಬಿಲ್ಲಿನೊಳಗೂ) ಕಾಪಿ ಮಾಡಿಟ್ಟರೆ, ನಂಬರ್ ಬದಲಾದ ದಿನ ಹಳೆಯ ಪಟ್ಟಿಗಳನ್ನೆಲ್ಲ ತಡಕಬೇಕು. ಹಾಗಂತ ಕಾಪಿ ಎಲ್ಲ ಕಡೆಯೂ ತಪ್ಪಲ್ಲ. ಮಾರಾಟದ ದಿನದ ದರವನ್ನು ಪಟ್ಟಿಯಲ್ಲೇ ಬರೆದಿಡಬೇಕು. ದರದ ಟೇಬಲ್ಲಿಗೆ ಕೊಂಡಿ ಹಾಕಿ ಸುಮ್ಮನಾದರೆ, ನಾಳೆ ದರ ತಿದ್ದಿದಾಗ ನಿನ್ನೆಯ ಪಟ್ಟಿಯ ಮೊತ್ತವೂ ಬದಲಾಗುತ್ತದೆ. ಟೇಬಲ್ ಕಟ್ಟುವುದರಲ್ಲಿ ಪಳಗಿದವರೂ ಇಲ್ಲಿ ಎಡವುತ್ತಾರೆ.

ಹುಡುಗರ ವಾದದಲ್ಲಿ ಹುರುಳಿರುವುದು ಒಂದು ಕಡೆ. ಮಾಲಿನ ವಿವರ ಬೆಳೆಯಿಂದ ಬೆಳೆಗೆ ಬೇರೆ. ಮೆಕ್ಕೆಜೋಳಕ್ಕೆ ತೇವಾಂಶ ನೋಡುತ್ತಾರೆ, ಭೀಮಸಮುದ್ರದ ಅಡಿಕೆ ವರ್ತಕರಿಗೆ ರಾಶಿ, ಬೆಟ್ಟೆ, ಗೊರಬಲು ಎಂಬ ಬಗೆ ಬೇಕು. ಎಲ್ಲಕ್ಕೂ ಕಾಲಂ ಮಾಡಹೊರಟರೆ ಅರ್ಧ ಟೇಬಲ್ ಖಾಲಿ. ಇದಕ್ಕೆ ಪೋಸ್ಟ್‌ಗ್ರೆಸ್‌ನಲ್ಲೇ 2014ರ 9.4 ಆವೃತ್ತಿಯಿಂದ ಜೆಸನ್‌ಬಿ ಕಾಲಂ ಇದೆ, ಅದರೊಳಗೆ ಹೆಂಗ್ ಬೇಕೋ ಹಂಗೆ ವಿವರ ತುಂಬಬಹುದು, ಬೇಗ ಹುಡುಕಲು ಇಂಡೆಕ್ಸ್ ಕೂಡ ಹಾಕಬಹುದು. ಹಣ, ತೂಕ, ತಾರೀಖು, ಯಾರು ಯಾರಿಗೆ ಎಂಬುದು ಗಟ್ಟಿ ಕಾಲಂಗಳಲ್ಲಿ. ಬೆಳೆಯ ಗುಣ ಜೆಸನ್‌ಬಿಯಲ್ಲಿ. ನಮ್ಮ ಕಡೆಯ ಬಹುಪಾಲು ವ್ಯವಹಾರಕ್ಕೆ ಇಷ್ಟು ಸಾಕು. "ಮುಂದೆ ದೊಡ್ಡದಾದ್ರೆ?" ಎಂಬ ಭಯವೂ ಬೇಡ, ಕೋಟಿಗಟ್ಟಲೆ ಸಾಲುಗಳನ್ನು ಒಂದು ಸಾಧಾರಣ ಸರ್ವರ್ ತಾಳಿಕೊಳ್ಳುತ್ತದೆ.

ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ಮಾತು ಬೇರೆ. ಕೆಲವೇ ಸೆಕೆಂಡಿಗೊಮ್ಮೆ ಗಾಳಿಯ ವೇಗ, ಶಾಖದ ರೀಡಿಂಗ್ ಬಂದು ಬೀಳುತ್ತಲೇ ಇರುತ್ತದೆ. ಬರೆದದ್ದನ್ನು ಯಾರೂ ತಿದ್ದುವುದಿಲ್ಲ, ಕೇಳುವುದೂ ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗೆ ಅಂತಲೇ. ಅಲ್ಲಿ ಹತ್ತಾರು ಯಂತ್ರಗಳಿಗೆ ಹರಡಿಕೊಳ್ಳುವ ಕಸಾಂಡ್ರಾದಂಥ ಡೇಟಾಬೇಸ್ ಹೊಂದುತ್ತದೆ. ಐದು ನಿಮಿಷಕ್ಕೆ ಅಳಿದುಹೋಗಬೇಕಾದ ಒಟಿಪಿಗೆ, ಡೇಟಾವನ್ನು ಮೆಮೊರಿಯಲ್ಲೇ ಇಟ್ಟುಕೊಳ್ಳುವ ರೆಡಿಸ್ ಇದೆ.

ಜೆಸನ್‌ಬಿ ಬಳಸುವವರು ಒಂದನ್ನು ಗಮನಿಸುತ್ತಿರಬೇಕು. ತೇವಾಂಶ ಶೇ 14 ದಾಟಿದ ಲಾಟ್‌ಗಳೆಷ್ಟು ಎಂದು ಮಾಲೀಕರು ವಾರವಾರವೂ ಕೇಳತೊಡಗಿದರೆ, ಆ ತೇವಾಂಶವನ್ನು ಜೆಸನ್‌ಬಿಯಿಂದ ಹೊರಗೆ ತಂದು ಸ್ವಂತ ಕಾಲಂ ಕೊಡಿ. ಇಲ್ಲವಾದರೆ ಒಬ್ಬ ಗುಮಾಸ್ತರು "14" ಅಂತ, ಇನ್ನೊಬ್ಬರು "14%" ಅಂತ ತುಂಬಿರುತ್ತಾರೆ, ಎರಡನ್ನೂ ಡೇಟಾಬೇಸ್ ತಕರಾರಿಲ್ಲದೆ ಒಳಗೆ ಬಿಟ್ಟುಕೊಂಡಿರುತ್ತದೆ.