ಎಳ್ಳಿಗೆ ಬೇಕಾದ ನೀರು, ಬೇಡದ ನೀರು

ಎಳ್ಳು ಬರ ತಾಳುವ ಬೆಳೆ ಎಂಬುದು ನಿಜ, ಆದರೆ ಅರ್ಧ ನಿಜ. ಮೊದಲ ಮೂರು ವಾರ ಅದು ಬಲು ನಾಜೂಕು. ಸಾವಿರ ಕಾಳು ತೂಗಿದರೆ 3 ಗ್ರಾಂ ಆಸುಪಾಸು. ಅಷ್ಟು ಸಣ್ಣ ಬೀಜ ಕಟ್ಟಿಕೊಂಡು ಬಂದ ಬುತ್ತಿ ಎಷ್ಟು ದಿನಕ್ಕೆ ಸಾಕಾದೀತು? ಮೂರು ಸೆಂಟಿಮೀಟರಿಗಿಂತ ಆಳಕ್ಕೆ ಬಿದ್ದರೆ ಮೊಳಕೆ ಮೇಲೇಳಲು ಹೆಣಗುತ್ತದೆ. ಬಿತ್ತಿದ ಮರುದಿನವೇ ಮಳೆ ಬಡಿದು ಮೇಲ್ಮಣ್ಣು ಗಟ್ಟಿಯಾದರೂ ಅದೇ ಗತಿ. ಬೀಜಕ್ಕೆ ಮರಳು ಬೆರೆಸಿ, ನೆಲ ಹದವಾಗಿರುವಾಗಲೇ ತೆಳುವಾಗಿ ಬಿತ್ತುವುದು ಇದಕ್ಕಾಗಿಯೇ.

ಆಮೇಲೂ ಪೈರು ನಿಂತಲ್ಲೇ ನಿಂತಂತೆ ಕಾಣುತ್ತದೆ, ಕಳೆ ಮಾತ್ರ ಹುಲುಸಾಗಿ ಏಳುತ್ತದೆ. ಈ ಹಂತದಲ್ಲಿ ಎಡೆಕುಂಟೆ ಹೊಡೆಯದವನಿಗೆ ಎಳ್ಳು ದಕ್ಕುವುದಿಲ್ಲ. ತಾಯಿಬೇರು ಆಳಕ್ಕಿಳಿದು ಅಡಿಮಣ್ಣಿನ ತೇವ ಹಿಡಿದ ಮೇಲೆ ಕತೆಯೇ ಬೇರೆ: ಪಕ್ಕದ ಹೊಲದ ಜೋಳ ಬಾಡಿ ನಿಂತಾಗಲೂ ಇದು ಹೂಬಿಡುತ್ತದೆ. ಮೈಸೂರು, ಹಾಸನದ ಕಡೆ ಏಪ್ರಿಲ್-ಮೇ ತಿಂಗಳ ಮಳೆಗೆ ಇದನ್ನು ಬಿತ್ತುವ ರೂಢಿಯ ಹಿಂದೆ ಇರುವುದೂ ಇದೇ ಬಲ. ಸುಮಾರು ಮೂರು ತಿಂಗಳಲ್ಲಿ ಬೆಳೆ ಕೈಸೇರಿ, ಹೊಲ ರಾಗಿಗೋ ಹುರುಳಿಗೋ ತೆರವಾಗುತ್ತದೆ.

ಅದಕ್ಕೆ ಸೇರದ್ದು ನಿಂತ ನೀರು. ಎರಡು ಮೂರು ದಿನ ಬುಡದಲ್ಲಿ ನೀರು ನಿಂತರೆ ಬೇರಿಗೆ ಗಾಳಿ ಸಿಗದೆ ಗಿಡ ಸೊರಗುತ್ತದೆ. ಬರ ತಾಳುತ್ತದೆಂದು ತಗ್ಗಿನ ಎರೆಹೊಲಕ್ಕೆ ಹಾಕಿ, ಮಳೆ ಹೆಚ್ಚಾದಾಗ ಬೀಜದವನನ್ನು ಬೈಯುವುದರಲ್ಲಿ ಅರ್ಥವಿಲ್ಲ.

ಎಳ್ಳಿನ ಹೂ ಬೆಳಗ್ಗೆ ಅರಳಿ ಸಂಜೆಯೊಳಗೆ ಉದುರುತ್ತದೆ. ಕೆಲವು ಗಿಡಗಳಲ್ಲಿ ಹೂವಿರಬೇಕಾದ ಜಾಗದಲ್ಲಿ ಸಣ್ಣ ಹಸಿರೆಲೆಗಳ ಗೊಂಚಲು ಕಂಡರೆ ಅದು ಜಿಗಿಹುಳು ತಂದ ಫೈಟೊಪ್ಲಾಸ್ಮಾ ಎಂಬ ರೋಗಾಣುವಿನ ಕೆಲಸ. ಅಂಥ ಗಿಡದಿಂದ ಕಾಳಿನ ಆಸೆ ಬಿಟ್ಟು ಕಿತ್ತುಹಾಕುವುದೇ ಸರಿ.

ಹೂ ಬುಡದಿಂದ ತುದಿಗೆ ಏರುತ್ತ ಹೋಗುವುದರಿಂದ ಕೆಳಗಿನ ಕಾಯಿ ಮಾಗಿದಾಗ ಮೇಲಿನದು ಇನ್ನೂ ಹಸಿ. ಒಣಗಿದ ಕಾಯಿ ತುದಿಯಲ್ಲಿ ಬಿರಿದು ಕಾಳು ಚೆಲ್ಲುತ್ತದೆ. ಕಾಡುಗಿಡಕ್ಕೆ ಇದು ವರ, ರೈತನಿಗೆ ನಷ್ಟ. 1943ರಲ್ಲಿ ವೆನೆಜುವೆಲಾದಲ್ಲಿ ಲ್ಯಾಂಗ್‌ಹ್ಯಾಮ್ ಎಂಬ ತಳಿವಿಜ್ಞಾನಿಗೆ ಬಿರಿಯದ ಕಾಯಿಯ ಗಿಡವೊಂದು ಸಿಕ್ಕಿತು. ಅದರ ಕಾಯಿ ಎಷ್ಟು ಬಿಗಿಯೆಂದರೆ ಒಕ್ಕುವಾಗ ಕಾಳೇ ಜಖಂ ಆಗುತ್ತಿತ್ತು. ಯಂತ್ರದ ಕೊಯ್ಲಿಗೆ ಒಗ್ಗುವ ತಳಿಗಳು ಅಮೆರಿಕದಲ್ಲಿ ಬಳಕೆಗೆ ಬರಲು ಮುಂದೆ ದಶಕಗಳೇ ಹಿಡಿದವು. ನಮ್ಮಲ್ಲಿ ಹೆಚ್ಚಾಗಿ ಈಗಲೂ ಕೈಕೊಯ್ಲೇ: ಕೆಳಗಿನ ಕಾಯಿ ಹಳದಿಗೆ ತಿರುಗಿದೊಡನೆ ಕೊಯ್ದು, ಕಟ್ಟು ಕಟ್ಟಿ ನೆಟ್ಟಗೆ ನಿಲ್ಲಿಸಿ ಒಣಗಿಸಿ, ಟಾರ್ಪಾಲಿನ ಮೇಲೆ ತಲೆಕೆಳಗೆ ಮಾಡಿ ಬಡಿಯುವುದು.