ವೆಬ್‌ಸೈಟ್ ನಿಮ್ಮದು, ಡೊಮೈನ್ ಯಾರದು?

ಲೇಖಕರು ನನಗೆ ಫೋನ್ ಮಾಡುವುದು ಸಾಮಾನ್ಯವಾಗಿ ವೆಬ್‌ಸೈಟ್ ನಿಂತುಹೋದ ಮೇಲೆ. 'ನಮ್ಮ ಸೈಟ್ ಓಪನ್ ಆಗ್ತಿಲ್ಲ, ಸ್ವಲ್ಪ ನೋಡಿ' ಅಂತಾರೆ. ನಾನು ಮೊದಲು ಕೇಳುವುದು ಡೊಮೈನ್ (ಸೈಟಿನ ವಿಳಾಸ) ಯಾರ ಅಕೌಂಟ್‌ನಲ್ಲಿದೆ ಎಂದು. ಉತ್ತರ ಹೆಚ್ಚುಕಡಿಮೆ ಒಂದೇ: 'ಅದೆಲ್ಲ ನಮ್ಮ ಹುಡುಗ ನೋಡ್ಕೋತಿದ್ದ.'

ಆ ಹುಡುಗ ಒಳ್ಳೆಯವನೇ. ಅಕ್ಕನ ಮಗನೋ, ಹಳೆಯ ವಿದ್ಯಾರ್ಥಿಯೋ, ಪುಸ್ತಕದ ಡಿಟಿಪಿ ಮಾಡಿಕೊಟ್ಟವನೋ ಆಗಿರುತ್ತಾನೆ. ಬಿಡುಗಡೆ ಸಮಾರಂಭ ಹತ್ತಿರ ಬಂತೆಂದು ನಿದ್ದೆಗೆಟ್ಟು ಸೈಟ್ ಮಾಡಿಕೊಟ್ಟ. ತನ್ನ ಇಮೇಲ್ ಹಾಕಿದ, ತನ್ನ ಫೋನ್ ನಂಬರ್ ಕೊಟ್ಟ, ತನ್ನ ಕಾರ್ಡಿನಲ್ಲೇ ದುಡ್ಡು ಕಟ್ಟಿದ. ಆಮೇಲೆ ಅವನಿಗೆ ಹೈದರಾಬಾದಿನಲ್ಲೋ ಕೆನಡಾದಲ್ಲೋ ಕೆಲಸ ಸಿಕ್ಕಿತು. ನಂಬರ್ ಬದಲಾಯಿತು. ರಿನ್ಯೂವಲ್ ನೆನಪಿಸುವ ಮೇಲ್‌ಗಳು ಅವನು ತೆಗೆದೂ ನೋಡದ ಹಳೆಯ ಇಮೇಲಿಗೆ ಹೋಗಿ ಬಿದ್ದವು. ಯಾರೂ ಮೋಸ ಮಾಡಿಲ್ಲ. ಆದರೂ ಸೈಟ್ ಹೋಯಿತು.

ಈ ಮಾತನ್ನು ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ, ಹಾಗಾಗಿ ಇಲ್ಲಿ ಬಿಡಿಸಿ ಬರೆಯುತ್ತೇನೆ. ವೆಬ್‌ಸೈಟ್ ಅಂತ ನಾವು ಒಟ್ಟಾಗಿ ಕರೆಯುವುದರಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ. ಜನ ಬ್ರೌಸರಿನಲ್ಲಿ ಟೈಪ್ ಮಾಡುವ ವಿಳಾಸ, ಅಂದರೆ ಡೊಮೈನ್. ಫೈಲುಗಳು ಇರುವ ಜಾಗ, ಅಂದರೆ ಹೋಸ್ಟಿಂಗ್. ಮೂರನೆಯದು ನಿಮ್ಮ ಬರಹ, ಫೋಟೊ, ವಿನ್ಯಾಸ. ಹೋಸ್ಟಿಂಗ್ ಕೆಟ್ಟರೆ ಬೇರೆ ಕಡೆ ಹೋಗಬಹುದು. ಬರಹ ಹೋದರೂ ನಿಮ್ಮ ಕಂಪ್ಯೂಟರಿನಲ್ಲಿ ಪ್ರತಿ ಇರುತ್ತದೆ, ಇಲ್ಲದಿದ್ದರೆ ಪುಸ್ತಕವಾದರೂ ಇದೆ. ಡೊಮೈನ್ ಕೈತಪ್ಪಿದರೆ ಮಾತ್ರ ಅದಕ್ಕೆ ಬದಲಿ ಇಲ್ಲ. ಅದು ಜಗತ್ತಿನಲ್ಲಿ ಒಂದೇ ಇರುವುದು.

ಇನ್ನೊಂದು ವಿಷಯ. ಡೊಮೈನನ್ನು ಯಾರೂ ಕೊಂಡುಕೊಳ್ಳುವುದಿಲ್ಲ. ವರ್ಷಗಳ ಲೆಕ್ಕದಲ್ಲಿ ನೋಂದಣಿ ಮಾಡಿಸುತ್ತೇವೆ, ಒಂದು ಸಲಕ್ಕೆ ಹೆಚ್ಚೆಂದರೆ 10 ವರ್ಷ. ನೋಂದಣಿ ಯಾರ ಹೆಸರಲ್ಲಿದೆಯೋ ಅವರೇ ಅದರ ಹಕ್ಕುದಾರರು. ಸೈಟಿನ ನೆತ್ತಿಯ ಮೇಲೆ ನಿಮ್ಮ ಹೆಸರು ದಪ್ಪಕ್ಷರದಲ್ಲಿದೆ, ನಿಮ್ಮ ಫೋಟೊ ಇದೆ, ನಿಮ್ಮ ಕಥೆಗಳಿವೆ. ನೋಂದಣಿ ಮಾಡಿದ ಕಂಪನಿ ಅದನ್ನೆಲ್ಲ ನೋಡುವುದೇ ಇಲ್ಲ. ನಿಮ್ಮ ದುಡ್ಡಿನಲ್ಲಿ ಕಟ್ಟಿಸಿದ ಮನೆಯ ಖಾತೆ ಮೇಸ್ತ್ರಿ ಹೆಸರಿನಲ್ಲಿದ್ದರೆ ನಿಮಗೆ ನಿದ್ದೆ ಬರುತ್ತಾ?

ಅವಧಿ ಮುಗಿದ ದಿನವೇ ಎಲ್ಲ ಮುಗಿಯಿತು ಅಂತಲ್ಲ. ಡಾಟ್ ಕಾಮ್ ವಿಳಾಸಗಳಿಗೆ ಮೊದಲು ಕೆಲವು ದಿನ ಮಾಮೂಲಿ ದರದಲ್ಲೇ ರಿನ್ಯೂ ಮಾಡಿಸುವ ಅವಕಾಶ ಇರುತ್ತದೆ. ಎಷ್ಟು ದಿನ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಆಮೇಲೆ ವಿಳಾಸ ಅಳಿಸುವ ಪಟ್ಟಿಗೆ ಸೇರಿ 30 ದಿನ ಕಾಯುತ್ತದೆ. ಆಗ ಬಿಡಿಸಿಕೊಳ್ಳಬಹುದು, ಆದರೆ ದಂಡ ಮಾಮೂಲಿ ದರದ ಹಲವು ಪಟ್ಟು. ಅದೂ ಕಳೆದರೆ ಇನ್ನು 5 ದಿನ. ಆಮೇಲೆ ಯಾರು ಬೇಕಾದರೂ ತಗೋಬಹುದು. ಹೀಗೆ ಬಿಡುಗಡೆಯಾಗುವ ಹೆಸರುಗಳನ್ನು ಹಿಡಿಯಲೆಂದೇ ಪ್ರೋಗ್ರಾಂ ಹಾಕಿಕೊಂಡು ಕೂತವರಿದ್ದಾರೆ.

ಒಬ್ಬ ಕವಿಗಳ ವಿಷಯದಲ್ಲಿ ಹೀಗೇ ಆಯಿತು. ಅವರ ಡೊಮೈನ್ ಹೋಗಿ ಯಾರದೋ ಕೈಸೇರಿತು. ಆ ವಿಳಾಸದಲ್ಲಿ ಈಗ ರಮ್ಮಿ ಆಟದ ಜಾಹೀರಾತು ಬರುತ್ತದೆ. ಸೈಟ್ ಹೋಗಿದ್ದಕ್ಕಿಂತ ಜಾಸ್ತಿ ಅವರನ್ನು ನೋಯಿಸಿದ್ದು ಬೇರೆ. ಆ ವಿಳಾಸ ಅವರ ಎರಡು ಸಂಕಲನಗಳ ಹಿಂಬದಿ ರಕ್ಷಾಪುಟದಲ್ಲಿ ಅಚ್ಚಾಗಿದೆ. ಓದುಗರ ಮನೆಗಳಲ್ಲಿ, ಊರೂರಿನ ಗ್ರಂಥಾಲಯಗಳಲ್ಲಿ ಆ ಪುಸ್ತಕಗಳಿವೆ. 'ಮಕ್ಕಳು ಯಾರಾದ್ರೂ ಪದ್ಯ ಹುಡುಕಿಕೊಂಡು ಹೋದ್ರೆ ಏನ್ರೀ ಗತಿ?' ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

'ಆಟೋ ರಿನ್ಯೂವಲ್ ಆನ್ ಇದೆ, ತೊಂದರೆ ಇಲ್ಲ' ಎನ್ನುವವರಿಗೂ ಒಂದು ಮಾತು. ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವುದಕ್ಕೆ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ನೀವು ಮುಂಚೆಯೇ ಒಪ್ಪಿಗೆ ನೋಂದಾಯಿಸಿರದಿದ್ದರೆ ಬ್ಯಾಂಕ್ ಆ ಕಡಿತವನ್ನು ತಡೆಯುತ್ತದೆ. ವಿದೇಶಿ ಕಂಪನಿಗಳಲ್ಲಿ ಡೊಮೈನ್ ಇಟ್ಟವರಿಗೆ ಇದರಿಂದ ಬಹಳ ಪೆಟ್ಟು ಬಿತ್ತು. ನನ್ನ ಸಲಹೆ ಇಷ್ಟೇ: 5 ವರ್ಷಕ್ಕೆ ಒಟ್ಟಿಗೆ ಕಟ್ಟಿ. ಕಟ್ಟುವ ಮೊದಲು ರಿನ್ಯೂವಲ್ ದರ ನೋಡಿ, ಮೊದಲ ವರ್ಷದ ರಿಯಾಯಿತಿ ದರಕ್ಕೆ ಮರುಳಾಗಬೇಡಿ.

ಬುದ್ಧಿವಂತರೂ ಬೀಳುವ ಹಳ್ಳ ಒಂದಿದೆ. ಡೊಮೈನ್ ಬಂದ ಖುಷಿಯಲ್ಲಿ ಅದೇ ಹೆಸರಿನ ಇಮೇಲ್ ಮಾಡಿಕೊಂಡು, ಆ ಇಮೇಲನ್ನೇ ಡೊಮೈನಿನ ಅಕೌಂಟಿಗೂ ಕೊಡುತ್ತಾರೆ. ಡೊಮೈನ್ ನಿಂತ ದಿನ ಇಮೇಲೂ ನಿಲ್ಲುತ್ತದೆ. ಪಾಸ್‌ವರ್ಡ್ ಬದಲಿಸುವ ಲಿಂಕ್ ಬರಬೇಕಾದ್ದು ಅದೇ ಇಮೇಲಿಗೆ! ದಯವಿಟ್ಟು ಆ ಅಕೌಂಟಿಗೆ ನಿಮ್ಮ ಮಾಮೂಲಿ ಜಿಮೇಲ್ ಕೊಡಿ. ಓಟಿಪಿ ಬರುವ ನಂಬರ್ ನಿಮ್ಮ ಜೇಬಿನಲ್ಲಿರುವ ಫೋನಿನದ್ದಾಗಿರಲಿ.

ಇದಕ್ಕೆಲ್ಲ ನನಗೆ ತಿಳಿದ ಮದ್ದು, ಲೇಖಕರು ಮೊದಲ ಸೈಟನ್ನು ತಾವೇ ಕಟ್ಟುವುದು. ಒಂದು ಸಲ ಕೈಯಾರೆ ಮಾಡಿದವರಿಗೆ ಯಾವುದು ಎಲ್ಲಿದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕೋಡಿಂಗ್ ಕಲಿಯಬೇಕಿಲ್ಲ. ಸೈಟ್ ಕಟ್ಟಲು ಸಿದ್ಧ ಸೌಲಭ್ಯಗಳಿವೆ. ಗೂಗಲ್‌ನ ಬ್ಲಾಗರ್ ಉಚಿತ, ಅದಕ್ಕೆ ನಿಮ್ಮ ಸ್ವಂತ ಡೊಮೈನನ್ನೂ ಜೋಡಿಸಬಹುದು. ವರ್ಡ್‌ಪ್ರೆಸ್ 2003ರಿಂದ ಇದೆ, ಅದರ ತಂತ್ರಾಂಶಕ್ಕೆ ದುಡ್ಡಿಲ್ಲ. ಎರಡರಲ್ಲೂ ನಿಮ್ಮ ಬರಹಗಳನ್ನೆಲ್ಲ ಒಂದು ಫೈಲಾಗಿ ಇಳಿಸಿಕೊಳ್ಳಬಹುದು. ತಿಂಗಳಿಗೊಮ್ಮೆ ಇಳಿಸಿಕೊಳ್ಳಿ.

ಧಾರವಾಡದ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರು, ಒಳ್ಳೆಯ ಕಥೆಗಾರ್ತಿ, 'ತಮ್ಮಾ, ನನಗ ಇದೆಲ್ಲ ಬರೂದಿಲ್ಲ, ನೀನಽ ಮಾಡಿ ಕೊಡು' ಅಂದರು. ಪಕ್ಕದಲ್ಲಿ ಕೂರುತ್ತೇನೆ, ಮೌಸ್ ಮಾತ್ರ ಮುಟ್ಟುವುದಿಲ್ಲ ಅಂದೆ. ಮೊದಲ ಕಥೆ ಪೇಸ್ಟ್ ಮಾಡಿದಾಗ ಪರದೆಯ ತುಂಬ ಇಂಗ್ಲಿಷ್ ಅಕ್ಷರ, ಅದರ ಮೇಲೆ ಕೆಳಗೆ ಚುಕ್ಕೆ, ಗೆರೆ. ಅವರು ಗಾಬರಿಯಾದರು. ಕಾರಣ ಸರಳ. ಹಳೆಯ 'ನುಡಿ', 'ಬರಹ' ತಂತ್ರಾಂಶಗಳ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಕಂಪ್ಯೂಟರಿಗೆ ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರುತ್ತಾರೆ. ಫಾಂಟ್ ಇಲ್ಲದ ಕಡೆ ಬಣ್ಣ ಬಯಲು. ಅದನ್ನು ಯೂನಿಕೋಡ್‌ಗೆ, ಅಂದರೆ ಕಂಪ್ಯೂಟರ್ ಕನ್ನಡವೆಂದೇ ಗುರುತಿಸುವ ರೂಪಕ್ಕೆ, ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಆದರೆ ಅರ್ಕಾವೊತ್ತು, ಕೆಲವು ಒತ್ತಕ್ಷರ ಅಲ್ಲಲ್ಲಿ ಕೆಡುತ್ತವೆ, ಕರಡು ತಿದ್ದಿದ ಹಾಗೆ ಕೂತು ತಿದ್ದಬೇಕು. ಅಂಥ ತಾಳ್ಮೆ ಇರುವುದು ಬರೆದವರಿಗೇ. ದುಡ್ಡು ಕೊಟ್ಟು ಮಾಡಿಸಿದ ಎಷ್ಟೋ ಸೈಟುಗಳಲ್ಲಿ ಈ ಕೆಲಸ ತಪ್ಪಿಸಿಕೊಳ್ಳಲು ಕವಿತೆಗಳನ್ನು ಚಿತ್ರ ಮಾಡಿ ಹಾಕಿರುತ್ತಾರೆ. ಚೆನ್ನಾಗಿಯೇ ಕಾಣುತ್ತದೆ. ಆದರೆ ಪದ್ಯದ ಸಾಲು ನೆನಪಿರುವ ಓದುಗ ಹುಡುಕಿದರೆ ಸಿಗುವ ಖಾತ್ರಿ ಇಲ್ಲ. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅದು ಸರಿಯಾಗಿ ದಕ್ಕುವುದಿಲ್ಲ.

ಆ ಅಮ್ಮ ಎರಡು ದಿನ ಕೂತು ಕಥೆ ತಿದ್ದಿದರು. ಪ್ರಕಟಿಸಿದ ಮೇಲೆ ತಮ್ಮ ಫೋನಿನಲ್ಲಿ ತೆಗೆದು ನೋಡಿದರು. ಮೂರನೇ ಸಾಲಿನಲ್ಲಿ 'ಬೆಣ್ಣೆ'ಗೆ ಒತ್ತು ಬಿಟ್ಟುಹೋಗಿತ್ತು. 'ಅಯ್ಯ, ತಪ್ಪಾಗೇದಲ್ಲೋ' ಎಂದು ನನ್ನ ಕಡೆ ತಿರುಗಿದವರು ಅಲ್ಲೇ ತಡೆದು, ಕನ್ನಡಕ ಸರಿ ಮಾಡಿಕೊಂಡು, ಎಡಿಟ್ ಒತ್ತಿ ತಿದ್ದಿ, ಅಪ್‌ಡೇಟ್ ಒತ್ತಿದರು. 'ಇಷ್ಟಽ ಏನು?' ಅಂದರು. ಈಗ ವಾರಕ್ಕೊಂದು ಹಳೆಯ ಕಥೆ ಹಾಕುತ್ತಾರೆ.

ಎಲ್ಲವನ್ನೂ ನೀವೇ ಮಾಡಬೇಕು ಅಂತ ನಾನು ಹೇಳುತ್ತಿಲ್ಲ. ಪುಸ್ತಕ ಮಾರಾಟಕ್ಕೆ ಸೈಟಿನಲ್ಲೇ ಹಣ ಪಡೆಯುವ ವ್ಯವಸ್ಥೆ (ಪೇಮೆಂಟ್ ಗೇಟ್‌ವೇ) ಜೋಡಿಸುವುದು, ಸೈಟ್ ಹ್ಯಾಕ್ ಆದಾಗ ಶುಚಿ ಮಾಡುವುದು ಬಲ್ಲವರ ಕೆಲಸ. ಅಂಥವರಿಗೆ ದುಡ್ಡು ಕೊಟ್ಟು ಮಾಡಿಸಿ. ಆದರೆ ಅವರಿಗೆ ನಿಮ್ಮ ಸೈಟಿನಲ್ಲಿ ಬೇರೆ ಲಾಗಿನ್ ಮಾಡಿಕೊಡಿ, ಕೆಲಸ ಮುಗಿದ ಮೇಲೆ ತೆಗೆದುಬಿಡಿ. ಮಾತು ಬರಹದಲ್ಲಿರಲಿ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲೇ ಆಗಬೇಕು, ಅವಧಿ ನಮೂದಿಸದಿದ್ದರೆ 5 ವರ್ಷ ಎಂದೇ ಲೆಕ್ಕ. ಪ್ರಕಾಶಕರ ವಿಷಯದಲ್ಲಿ ಇದು ನಿಮಗೆ ಗೊತ್ತು. ಸೈಟಿನ ವಿನ್ಯಾಸದ ವಿಷಯದಲ್ಲೂ ಇದನ್ನು ಮರೆಯಬೇಡಿ. ನಾನು ವಕೀಲನಲ್ಲ, ದೊಡ್ಡ ಮೊತ್ತದ ಕೆಲಸವಾದರೆ ಒಬ್ಬ ವಕೀಲರಿಗೆ ತೋರಿಸಿ.

ಈಗಾಗಲೇ ಹುಡುಗನ ಹೆಸರಲ್ಲಿ ಡೊಮೈನ್ ಇದ್ದರೆ ಜಗಳ ಮಾಡಬೇಡಿ. ಅವನು ಕಟ್ಟಿದ ದುಡ್ಡು ಮೊದಲು ಕೊಟ್ಟುಬಿಡಿ. ಅದೇ ಕಂಪನಿಯಲ್ಲಿ ನೀವೂ ಒಂದು ಅಕೌಂಟ್ ತೆರೆದರೆ ಅವನು ಅಲ್ಲಿಂದ ಇಲ್ಲಿಗೆ ಬದಲಿಸುವುದು ಸುಲಭ. ಬೇರೆ ಕಂಪನಿಗೆ ಹೋಗುವುದಾದರೆ ವರ್ಗಾವಣೆಯ ಕೋಡ್ ಕೊಡು ಅಂತ ಕೇಳಿ. ಹೊಸದಾಗಿ ನೋಂದಾಯಿಸಿದ ಡೊಮೈನಿಗೆ ಸಾಮಾನ್ಯವಾಗಿ ಮೊದಲ 60 ದಿನ ಈ ವರ್ಗಾವಣೆ ಆಗುವುದಿಲ್ಲ. ಅವಧಿ ಮುಗಿಯಲು ತಿಂಗಳಷ್ಟೇ ಇದ್ದರೆ ಮೊದಲು ರಿನ್ಯೂ ಮಾಡಿಸಿ, ಆಮೇಲೆ ಬದಲಿಸಿ.

ಅಕೌಂಟ್ ನಿಮ್ಮ ಕೈಗೆ ಬಂದ ಮೇಲೆ ಕಂಪನಿಯ ಹೆಸರು, ಲಾಗಿನ್ ಇಮೇಲ್, ಅವಧಿ ಮುಗಿಯುವ ತಾರೀಕನ್ನು ಬ್ಯಾಂಕ್ ಎಫ್‌ಡಿ ಕಾಗದಗಳ ಜೊತೆ ಬರೆದಿಡಿ, ಮನೆಯಲ್ಲಿ ಒಬ್ಬರಿಗಾದರೂ ತೋರಿಸಿ. ನಮ್ಮ ದೇಶದಲ್ಲಿ ಲೇಖಕರ ನಂತರವೂ 60 ವರ್ಷ ಕೃತಿಯ ಹಕ್ಕು ವಾರಸುದಾರರದ್ದು. ಡೊಮೈನಿನ ಬಿಲ್ ಮಾತ್ರ ಅವಧಿ ಮುಗಿದಾಗಲೆಲ್ಲ ಬರುತ್ತದೆ, ಅದನ್ನು ಕಟ್ಟಬೇಕೆಂದು ಅವರಿಗೆ ಗೊತ್ತಿರಬೇಕು.